ಹೊಸ ನಮೂನೆಯ ಹೋಟೆಲಿನಲ್ಲಿ ಉಣ್ಣುವ ಕ್ರಮ: ತಗಡೂರು ಸೀಮೆಯವರಿಗೊಂದು ಕೈಪಿಡಿ

ಯಾರಿಗೆ ಅನ್ವಯ

ತಗಡೂರಿನಲ್ಲಿ ಹುಟ್ಟಿ, ನಂಜನಗೂಡಿನಲ್ಲಿ ಸಂತೆ ಮಾಡಿ, ತಿ. ನರಸೀಪುರದ ಕಡೆ ನೆಂಟಸ್ತನ ಬೆಳೆಸಿ, ಮಕ್ಕಳನ್ನು ಓದಿಸಿ ಬೆಂಗಳೂರಿಗೆ ಕಳಿಸಿದ ತಪ್ಪಿಗೆ ವರ್ಷಕ್ಕೊಮ್ಮೆಯಾದರೂ ಅವರು ಕರೆದಲ್ಲಿ ಉಣ್ಣಬೇಕಾದ ಹಿರಿಯರಿಗಾಗಿ ಈ ಕೈಪಿಡಿ. ದರ್ಶಿನಿ, ಮಿಲ್ಟ್ರಿ ಹೋಟೆಲು, ಡಾಬಾ, ಮದುವೆ ಛತ್ರಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ನಿಮಗೆ ಹೇಳಿಕೊಡುವ ಧೈರ್ಯ ಯಾರಿಗೂ ಇಲ್ಲ. ಬೆಳಕು ಮಂದವಾಗಿದ್ದು, ಬಾಗಿಲ ಪಕ್ಕ ಒಂದು ಬೀಸುವ ಕಲ್ಲನ್ನು ಅಲಂಕಾರಕ್ಕೆ ಇಟ್ಟಿದ್ದರೆ, ಆಗ ಮಾತ್ರ ಕೈಪಿಡಿ ತೆರೆಯಿರಿ.

ಇಂಥ ಹೋಟೆಲುಗಳು ಏಕಾಏಕಿ ಹುಟ್ಟಿಕೊಂಡವಲ್ಲ. ಮೀನುಗಾರರ, ಬಂಟರ, ಕೊಡವರ ಮನೆಯಡುಗೆಯನ್ನು ತಾರಾ ಹೋಟೆಲಿನ ಮೇಜಿಗೆ ತಂದ ‘ಕರವಳ್ಳಿ’ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ಬಾಗಿಲು ತೆರೆದದ್ದು 1990ರಲ್ಲಿ. ದೆಹಲಿಯ ‘ಇಂಡಿಯನ್ ಆಕ್ಸೆಂಟ್’ 2009ರಲ್ಲಿ ಬಂತು. ಮರುವರ್ಷ ಕೋಲ್ಕತ್ತಾದ ಗಗನ್ ಆನಂದ್ ಬ್ಯಾಂಕಾಕಿನಲ್ಲಿ ತಮ್ಮದೇ ಹೆಸರಿನ ಹೋಟೆಲು ತೆರೆದರು. ಅದು 2015ರಿಂದ ನಾಲ್ಕು ವರ್ಷ ಸತತವಾಗಿ ಏಷ್ಯಾದ ಮೊದಲನೆಯ ಹೋಟೆಲೆಂದು ಪಟ್ಟಿಯಲ್ಲಿ ನಿಂತಿತು. ಅಲ್ಲಿನ ಮೆನುವಿನಲ್ಲಿ ತಿನಿಸುಗಳ ಹೆಸರೇ ಇರಲಿಲ್ಲ, ಮೊಬೈಲಿನಲ್ಲಿ ಕಳಿಸುವ ಚಿಕ್ಕ ಚಿಕ್ಕ ಚಿತ್ರಗಳಿದ್ದವು. ಒಂದು ತಟ್ಟೆಯನ್ನಂತೂ ಕೈ, ಚಮಚ ಯಾವುದೂ ತಾಗಿಸದೆ ನೇರವಾಗಿ ನೆಕ್ಕಬೇಕಿತ್ತು. ತಟ್ಟೆ ನೆಕ್ಕಿದ್ದಕ್ಕೆ ಅಜ್ಜಿಯಿಂದ ಬೆನ್ನಿಗೆ ಗುದ್ದು ತಿಂದ ನಮ್ಮ ಸೀಮೆಯ ಮಕ್ಕಳು ಮೂವತ್ತು ವರ್ಷ ಬೇಗ ಹುಟ್ಟಿದರು, ಅಷ್ಟೆ.

ಹೊರಡುವ ಮುನ್ನ

ಜಾಗ ಕಾದಿರಿಸುವುದು ಮಗನ ಕೆಲಸ. ನಾಲ್ವರೆಂದು ಹೇಳಿ ಏಳು ಜನ ಹೋಗುವ ನಮ್ಮ ಪದ್ಧತಿ ಇಲ್ಲಿ ನಡೆಯದು. ದಾರಿಯಲ್ಲಿ ಸಿಕ್ಕಿದ ಷಡ್ಡಕನನ್ನು ‘ಬಾ, ನೀನೂ ಒಂದು ತುತ್ತು ಉಂಡು ಹೋಗು’ ಎಂದು ಕರೆತರಬೇಡಿ. ತುತ್ತುಗಳನ್ನು ಆಗಲೇ ಎಣಿಸಿಟ್ಟಿರುತ್ತಾರೆ.

ಹಸಿದು ಹೋಗಬೇಡಿ. ಸಂಜೆ ನಾಲ್ಕಕ್ಕೆ ಒಂದು ಅಕ್ಕಿರೊಟ್ಟಿ, ಮೇಲೆ ಉಚ್ಚೆಳ್ಳು ಚಟ್ನಿ ಹಾಕಿಕೊಂಡು ತಿಂದು ಹೊರಡುವುದು ಸುರಕ್ಷಿತ. ಸಕ್ಕರೆ ಕಾಯಿಲೆಯವರಿಗೆ ವಿಶೇಷ ಸೂಚನೆ: ‘ಊಟಕ್ಕೆ ಮುಂಚೆ’ ಎಂದು ಡಾಕ್ಟರು ಬರೆದ ಮಾತ್ರೆಯನ್ನು, ಒಂದರ ಹಿಂದೊಂದು ಬರುವ ಒಂಬತ್ತು ತಟ್ಟೆಗಳಲ್ಲಿ ಯಾವುದಕ್ಕೆ ಮುಂಚೆ ನುಂಗಬೇಕೆಂಬುದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ. ಮೊದಲ ತಟ್ಟೆಗೂ ಕೊನೆಯ ತಟ್ಟೆಗೂ ನಡುವೆ ನಂಜನಗೂಡಿನಿಂದ ಮೈಸೂರಿಗೆ ಹೋಗಿ ಬರುವಷ್ಟು ಹೊತ್ತು ಹಿಡಿಯಬಹುದು.

ಕೂರುವುದು

ಬಾಗಿಲಲ್ಲಿ ನಿಂತ ಹುಡುಗಿ ನಿಮ್ಮ ಹೆಸರನ್ನೂ ಫೋನ್ ನಂಬರನ್ನೂ ಕೇಳುತ್ತಾಳೆ. ಮತ್ತೇನನ್ನೂ ಕೇಳುವುದಿಲ್ಲ. ಇಲ್ಲಿ ಒಂದು ನಿಮಿಷ ತಮಾಷೆ ಬಿಡುತ್ತೇನೆ.

ನಮ್ಮ ಕಡೆಯ ಹಿರಿಯರಿಗೆ ಹೋಟೆಲೆಂದರೆ ಬರೀ ದೋಸೆ ಕಾಫಿಯ ನೆನಪಲ್ಲ. ಯಾರು ಒಳಗೆ ಕೂರಬೇಕು, ಯಾರು ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದು ತಾವೇ ತೊಳೆದಿಡಬೇಕು ಎನ್ನುವುದೂ ಅದರೊಳಗಿತ್ತು. ಜನ ‘ಮೈಸೂರು ಗಾಂಧಿ’ ಎಂದು ಕರೆದ ತಗಡೂರು ರಾಮಚಂದ್ರರಾಯರು ಈ ಮಣ್ಣಿನಲ್ಲಿ ಖಾದಿಯ ಜೊತೆಗೆ ಅಸ್ಪೃಶ್ಯತೆಯ ವಿರುದ್ಧವೂ ದುಡಿದವರು. ಅದೇ ಸೀಮೆಯ ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ 1927ರಲ್ಲಿ ಬಂದಿದ್ದರು. ಅದೇ ಬದನವಾಳಿನಲ್ಲಿ 1993ರಲ್ಲಿ, ದೇವಸ್ಥಾನ ಪ್ರವೇಶದ ತಕರಾರು ಬೆಳೆದು ಮೂವರು ದಲಿತರ ಕೊಲೆಯಾಯಿತು. ಹೀಗಿರುವಾಗ, ಅಪರಿಚಿತರ ಪಕ್ಕದ ಮೇಜಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರೂ ಯಾರೂ ತಿರುಗಿ ನೋಡದ ಜಾಗವೊಂದಿದ್ದರೆ ಅದನ್ನು ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಕುಲ ಕೇಳದ ಬಾಗಿಲು ಜೇಬನ್ನು ಕೇಳುತ್ತದೆ ಎಂಬುದೂ ನಿಜ. ಆ ಮಾತು ಬಿಲ್ಲಿನ ಹೊತ್ತಿಗೆ ಇರಲಿ.

ನೀರು

ಕೂತ ತಕ್ಷಣ ಯಾವ ನೀರು ಬೇಕೆಂದು ಕೇಳುತ್ತಾರೆ. ಬಾಟಲಿ ನೀರು, ಗುಳ್ಳೆ ಬರುವ ನೀರು, ಸಾದಾ ನೀರು ಎಂದು ಮೂರು ಬಗೆ. ಸಾದಾ ನೀರೆನ್ನಲು ಮಕ್ಕಳು ನಾಚುತ್ತಾರೆ, ನೀವು ಗಟ್ಟಿಯಾಗಿ ಹೇಳಿ. ನಂಜನಗೂಡಿನ ಸೋಪಾನಕಟ್ಟೆಯನ್ನು ತೊಳೆದು ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತಾಳೆ. ಅಲ್ಲಿಂದ ಕೆಳಗೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ನೀರೆತ್ತುತ್ತಾರೆ. ನಿಮ್ಮೂರ ಹೊಳೆಯೇ ನಿಮಗಿಂತ ಮೊದಲು ಅಲ್ಲಿ ಬಂದು ಕೂತಿರುತ್ತದೆ.

ತಟ್ಟೆಗಳು ಬರುವಾಗ

ಪ್ರತಿ ತಟ್ಟೆಯ ಜೊತೆ ಒಂದು ಪ್ರವಚನವಿರುತ್ತದೆ. ತಟ್ಟೆ ಇಟ್ಟ ಹುಡುಗ ಕೈ ಕಟ್ಟಿ ನಿಂತು, ಈ ಬದನೆ ಯಾವ ಊರಿನದು, ಈ ಉಪ್ಪಿನಕಾಯಿ ಎಷ್ಟು ದಿನ ಕಳಿತದ್ದು ಎಂದು ಹೇಳುತ್ತಾನೆ. ಆಗ ತುತ್ತು ಎತ್ತಬಾರದು. ಸತ್ಯನಾರಾಯಣ ಕಥೆ ಮುಗಿಯುವವರೆಗೆ ಸಪಾದಭಕ್ಷ್ಯ ಮುಟ್ಟದೆ ಕೂತ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೂರನೆಯ ತಟ್ಟೆಯ ಹೊತ್ತಿಗೆ ನಿಮ್ಮ ಪಕ್ಕದ ದೊಡ್ಡಪ್ಪ ಕೇಳುತ್ತಾರೆ: ‘ಏನ್ಲ ಮಗ, ಇದೆಲ್ಲ ರುಚಿ ನೋಡಾಕೆ ಕೊಟ್ಟರಲ್ಲ, ಊಟ ಯಾವಾಗ ಇಕ್ತರು?’ ಇದಕ್ಕೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ.

ಮುದ್ದೆ ಬರುತ್ತದೆ, ಹೆದರಬೇಡಿ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಬಹುದಾದಷ್ಟು ಇರುತ್ತದೆ, ಮೇಲೊಂದು ಹೂವಿನ ಎಸಳಿರುತ್ತದೆ. ಎಸಳನ್ನು ತೆಗೆದು ಬದಿಗಿಡುವುದೋ ತಿನ್ನುವುದೋ ನಿಮಗೆ ಬಿಟ್ಟದ್ದು, ಮುಡಿಯುವುದು ಬೇಡ. ಆ ಹುಡುಗ ‘ಸರ್, ಇದನ್ನು ಅಗಿಯಬಾರದು, ನುಂಗಬೇಕು’ ಎಂದು ನಿಮಗೆ ತೋರಿಸಿಕೊಡುತ್ತಾನೆ. ಹುಟ್ಟಿದಾರಭ್ಯ ಮುದ್ದೆ ನುಂಗಿದ ನೀವು ಸಿಡುಕಬೇಡಿ. ಅವನು ಅಸ್ಸಾಮಿನವನೋ ಒಡಿಶಾದವನೋ ಇರುತ್ತಾನೆ, ಎರಡು ವಾರದ ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸುತ್ತಿದ್ದಾನೆ. ನಿಮ್ಮೂರಲ್ಲಿ ಏನು ಉಣ್ಣುತ್ತೀರಪ್ಪ ಎಂದು ಅವನನ್ನು ಒಮ್ಮೆ ಕೇಳಿ. ಇಡೀ ಸಂಜೆ ಆ ಹೋಟೆಲಿನಲ್ಲಿ ಬಾಯಿಪಾಠ ಮಾಡದ ಒಂದು ಮಾತು ಅವನ ಬಾಯಿಂದ ಬರುತ್ತದೆ. ಸೋರೆ ಎಲೆಯ ಬಗ್ಗೆಯೋ, ನೀರಿನಲ್ಲಿ ನೆನೆಸಿಟ್ಟ ತಂಗಳನ್ನದ ಬಗ್ಗೆಯೋ ಹೇಳುತ್ತಾನೆ. ಆಮೇಲೆ ನಿಮ್ಮ ಮೇಜಿಗೆ ಎರಡು ಮುದ್ದೆ ಹೆಚ್ಚಿಗೆ ಬಂದರೂ ಬರಬಹುದು, ಖಾತ್ರಿಯಿಲ್ಲ.

ನಾಚಿಕೆಪಟ್ಟು ಮನೆಯೊಳಗೆ ಮುಚ್ಚಿಟ್ಟ ತಿನಿಸೇ ಮೆನುವಿನಲ್ಲಿ ತಲೆಯೆತ್ತಿ ನಿಂತಿದ್ದರೂ ಅಚ್ಚರಿ ಬೇಡ. ತಮಿಳುನಾಡಿನ ಹಳ್ಳಿಯವರಾದ ಬಾಣಸಿಗ ವಿಜಯ್ ಕುಮಾರ್ ಬಡತನದ ದಿನಗಳಲ್ಲಿ ಗದ್ದೆಯಲ್ಲಿ ಹೆಕ್ಕಿದ ಬಸವನಹುಳುವನ್ನು ಬೇಯಿಸಿ ತಿಂದವರು, ಶಾಲೆಯಲ್ಲಿ ಅದನ್ನು ಹೇಳಿಕೊಳ್ಳಲು ಅಳುಕಿದವರು. ಅದೇ ಹುಳುವಿನ ಪಲ್ಯವನ್ನು ನ್ಯೂಯಾರ್ಕಿನ ‘ಸೆಮ್ಮಾ’ದಲ್ಲಿ ಬಡಿಸಿದರು. ಹೋಟೆಲಿಗೆ ಮಿಷೆಲಿನ್ ತಾರೆ ಬಂತು, 2025ರಲ್ಲಿ ಅವರಿಗೆ ಜೇಮ್ಸ್ ಬಿಯರ್ಡ್ ಪ್ರಶಸ್ತಿಯೂ ಬಂತು. ನಂಜನಗೂಡು, ನರಸೀಪುರದ ಗದ್ದೆ ಬದುವಿನ ಏಡಿಯನ್ನು ಕುಟ್ಟಿ ಸಾರು ಮಾಡಿ, ವಾಸನೆ ಪಕ್ಕದ ಬೀದಿಗೆ ಹೋಗದ ಹಾಗೆ ಕದ ಮುಚ್ಚಿ ಉಂಡ ಮನೆಗಳು ಇದನ್ನು ಗಮನಿಸತಕ್ಕದ್ದು.

ಕೊನೆಯಲ್ಲಿ ಸಿಹಿ. ‘ನಂಜನಗೂಡು ರಸಬಾಳೆ’ ಎಂದು ಬರೆದಿದ್ದರೆ ಹಣ್ಣನ್ನು ಸಿಪ್ಪೆ ಸಮೇತ ತೋರಿಸಿ ಎನ್ನಿ. ಭೌಗೋಳಿಕ ಗುರುತು ಸಿಕ್ಕ ಹಣ್ಣು ಅದು, ಆದರೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ನಂಜನಗೂಡಿನಲ್ಲೇ ಅಪರೂಪವಾಗಿದೆ. ನಮಗೇ ಸಿಗದ್ದು ಅವರಿಗೆ ವಾರದ ಏಳೂ ದಿನ ಸಿಗುತ್ತಿದ್ದರೆ, ಆ ತೋಟದ ವಿಳಾಸ ಬರೆದುಕೊಂಡು ಬನ್ನಿ.

ಎಚ್ಚರಿಕೆ: ಹೊಗೆ

ತಟ್ಟೆಯ ಮೇಲೆ ಮುಚ್ಚಿದ ಗಾಜಿನ ಗಂಟೆ ಎತ್ತಿದಾಗ ಹೊಗೆ ಎದ್ದರೆ ಅದು ಸುಟ್ಟ ಕಟ್ಟಿಗೆಯದು, ಕೆಮ್ಮಿದರೆ ಸಾಕು. ಬಟ್ಟಲಿನ ಅಂಚಿನಿಂದ ಬಿಳಿಯ ಹೊಗೆ ಕೆಳಗಿಳಿದು ಮೇಜಿನ ಮೇಲೆ ಹರಡಿದರೆ ಮಾತ್ರ ಕೈ ಹಿಂದೆಗೆಯಿರಿ. 2024ರ ಮಾರ್ಚಿನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ಮೇಲೆ ಬಾಯಿಗೆ ಹಾಕಿಕೊಳ್ಳಲೆಂದು ಕೊಟ್ಟ ಒಣ ಐಸ್ ತಿಂದು ಐವರು ರಕ್ತ ವಾಂತಿ ಮಾಡಿಕೊಂಡರು. ಅದೇ ವರ್ಷ ದಾವಣಗೆರೆಯಲ್ಲಿ ಹೊಗೆ ಬಿಸ್ಕತ್ತು ತಿಂದ ಹುಡುಗನೊಬ್ಬ ನೋವಿನಿಂದ ಚಡಪಡಿಸಿದ ದೃಶ್ಯ ಎಲ್ಲರ ಮೊಬೈಲಿಗೂ ಬಂದ ಮೇಲೆ, ಆ ಹೊಗೆ ಎಬ್ಬಿಸುವ ದ್ರವ ಸಾರಜನಕ ಪೂರ್ತಿ ಆರಿಹೋಗುವ ಮೊದಲು ಬಡಿಸಕೂಡದೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಸೌದೆ ಒಲೆಯ ಮುಂದೆ ಕೂತು ಕಣ್ಣು ಕೆಂಪಗೆ ಮಾಡಿಕೊಂಡ ನಮ್ಮವ್ವಂದಿರಿಗೆ, ಹೊಗೆಗೂ ದುಡ್ಡು ತೆಗೆದುಕೊಳ್ಳುತ್ತಾರೆಂದು ಮೊದಲೇ ತಿಳಿಸಬೇಡಿ.

ದೋಷ ಕಂಡುಬಂದಲ್ಲಿ

ಸಾರು ಸಾಲದಾದರೆ ಎರಡನೆಯ ಸಲ ಬಡಿಸುವುದಿಲ್ಲ. ‘ಸಾಕು ಸಾಕು’ ಎಂದು ಎಲೆಗೆ ಅಡ್ಡ ಕೈ ಹಿಡಿಯುವ ಅವಕಾಶವೇ ಬಾರದು. ನಮ್ಮ ಪಂಕ್ತಿಯ ಅರ್ಧ ಮಜಾ ಇರುವುದೇ ಆ ಅಡ್ಡ ಕೈಯಲ್ಲಿ, ಅದನ್ನು ದಾಟಿ ಬೀಳುವ ಇನ್ನೊಂದು ಹೋಳಿಗೆಯಲ್ಲಿ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ನಿಂತು ತಿನ್ನುವ ಪದ್ಧತಿ ನಮಗೆ ಕೊಟ್ಟ ಹಕ್ಕುಗಳು, ಅಂದರೆ ಇನ್ನೊಂದು ಸೌಟು ಚಟ್ನಿ, ಬೈ ಟು ಕಾಫಿ, ಇಲ್ಲಿಗೆ ಬರುವ ಹೊತ್ತಿಗೆ ರದ್ದಾಗಿವೆ. ಹೊಟ್ಟೆ ತುಂಬದಿದ್ದರೆ ಹೋಟೆಲಿನವರನ್ನು ದೂರಬೇಡಿ. ವಾಪಸಾಗುವ ದಾರಿಯಲ್ಲಿ ರಾಮನಗರ, ಮದ್ದೂರುಗಳಿವೆ. ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆಯ ರಸ್ತೆಗಿಳಿಯಲು ಡ್ರೈವರಿಗೆ ಮೊದಲೇ ಹೇಳಿರಿ.

ಬಿಲ್ಲು

ಚರ್ಮದ ಹೊದಿಕೆಯ ಪುಸ್ತಕದಲ್ಲಿ ಬರುತ್ತದೆ. ಮಗ ಅದನ್ನು ಎದೆಗೆ ಒತ್ತಿಕೊಂಡು ಓದುತ್ತಾನೆ. ನೋಡಿಯೇ ತೀರುತ್ತೇನೆ ಎನ್ನುವವರಿಗೆ ಸ್ವಲ್ಪ ಲೆಕ್ಕ: 2025–26ರಲ್ಲಿ ರಾಗಿಗೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕೆ.ಜಿ.ಗೆ 49 ರೂಪಾಯಿಯ ಒಳಗೆ. ನೂರು ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆಗೆ ರೈತನಿಗೆ ಸಿಗುವುದು 5 ರೂಪಾಯಿಯ ಒಳಗೆ. ತಟ್ಟೆಯ ಬೆಲೆಯನ್ನೂ ಇದನ್ನೂ ಪಕ್ಕ ಪಕ್ಕ ಇಟ್ಟು ರಂಪ ಮಾಡುವುದು ಸುಲಭ. ಬಾಡಿಗೆ, ಸಂಬಳ, ಬಣ್ಣದ ತಟ್ಟೆ, ಹೂವಿನ ಎಸಳು ಎಲ್ಲವೂ ನಡುವೆ ಇವೆ, ಒಪ್ಪೋಣ. ಆದರೆ ಆ ಹುಡುಗ ಪ್ರವಚನದಲ್ಲಿ ಊರ ಹೆಸರು ಹೇಳುವಷ್ಟೇ ಸಲೀಸಾಗಿ ಊರಿಗೆ ಎಷ್ಟು ಹೋಯಿತೆಂದೂ ಹೇಳಿದರೆ ನಾವೂ ಕೈ ಕಟ್ಟಿ ಕೇಳುತ್ತೇವೆ.

ಜಿಎಸ್‌ಟಿ ಸಾಮಾನ್ಯವಾಗಿ ಶೇ. 5. ದಿನಕ್ಕೆ 7,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಕೋಣೆಗಳಿರುವ ತಾರಾ ಹೋಟೆಲಾದರೆ ಶೇ. 18. ಅದನ್ನು ಕೊಡಲೇಬೇಕು. ಸೇವಾ ಶುಲ್ಕವೆಂದು ಬೇರೆ ಸಾಲಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೀಗೆ ಹೇಳಿತ್ತು, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಸಿ ಹಾಕಿ. ಉಳಿದದ್ದನ್ನು ಮುದ್ದೆ ನುಂಗಲು ಕಲಿಸಿದ ಹುಡುಗನ ಕೈಗೇ ಕೊಡಿ.

ಅಡುಗೆಯವರು ಹೊರಬಂದಾಗ

ಬಿಳಿ ಅಂಗಿಯ ಮುಖ್ಯ ಅಡುಗೆಯವರು ಒಂದೊಂದೇ ಮೇಜಿನ ಬಳಿ ಬಂದು ಊಟ ಹೇಗಿತ್ತೆಂದು ವಿಚಾರಿಸುವ ಪದ್ಧತಿಯಿದೆ. ‘ಬಹಳ ಚೆನ್ನಾಗಿತ್ತು’ ಎನ್ನಬೇಕೆಂದು ಮಕ್ಕಳು ಕಾರಿನಲ್ಲೇ ಹೇಳಿಕೊಟ್ಟಿರುತ್ತಾರೆ. ಅವ್ವ ಅದನ್ನು ಮರೆಯುತ್ತಾಳೆ.

‘ಮಗ, ಸೊಪ್ಪಿನ ಪಲ್ಯ ಮಾಡಿದ್ದೀಯಲ್ಲ. ಬಸಿದ ನೀರ ಎಲ್ಲಿ ಚೆಲ್ಬುಟ್ಟೆ?’

ಮಕ್ಕಳು ಮೇಜಿನ ಕೆಳಗೆ ಅವಳ ಕಾಲು ತುಳಿಯಕೂಡದು. ಇಡೀ ರಾತ್ರಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಅದು. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ ಬಸಿದರೆ ಮೇಲುಳಿದದ್ದು ಪಲ್ಯ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಂದು ಹಿಡಿ ಬೆಂದ ಕಾಳು ಹಾಕಿ ಅರೆದ ಖಾರ ಕದಡಿ, ಹುಣಸೆ ಹಿಂಡಿ ಕುದಿಸಿದರೆ ಬಸ್ಸಾರು. ಕದಡದೆ, ಖಾರವನ್ನು ತಟ್ಟೆಯ ಬದಿಗಿಟ್ಟು ಬರೀ ಕಟ್ಟನ್ನು ಮುದ್ದೆಗೆ ಬಿಟ್ಟುಕೊಂಡರೆ ಉಪ್ಪೆಸರು. ಒಂದೇ ಪಾತ್ರೆಯ ಕಾಳುಸೊಪ್ಪು ರಾತ್ರಿಗೂ ಬೆಳಗಿಗೂ ಆಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಪಲ್ಯವನ್ನು ನಡುವೆ ಇಟ್ಟು ಸುತ್ತ ಹಸಿರು ನೊರೆ ಎಳೆದರೆ, ಸಾರನ್ನು ಚರಂಡಿಗೆ ಬಿಟ್ಟಂತೆಯೇ.

ಅಡುಗೆಯವರು ಒಳ್ಳೆಯವರಾದರೆ ಮುಖ ಬಿಗಿಯುವುದಿಲ್ಲ. ಕುರ್ಚಿ ಎಳೆದು ಕೂತು, ಮೊಬೈಲಿನಲ್ಲಿ ರೆಕಾರ್ಡು ಹಾಕಿ, ಅಣ್ಣೆಸೊಪ್ಪು ಎಲ್ಲಿ ಸಿಗುತ್ತದೆ, ಅವರೆ ಹಿಸುಕುವುದು ಹೇಗೆ ಎಂದು ಒಂದೊಂದಾಗಿ ಕೇಳುತ್ತಾರೆ. ಅವ್ವ ಒಮ್ಮೆ ಶುರುಮಾಡಿದರೆ ಬೇಗ ನಿಲ್ಲಿಸುವವಳಲ್ಲ. ಆ ಹೊತ್ತಿಗೆ ನಿಮ್ಮ ಮೇಜಿನ ಅವಧಿ ಮುಗಿದಿರುತ್ತದೆ, ಒಂಬತ್ತೂವರೆಯ ಪಾಳಿಯವರು ಬಂದು ನಿಂತಿರುತ್ತಾರೆ, ಬಾಗಿಲ ಹುಡುಗಿ ಗಡಿಯಾರ ನೋಡುತ್ತಿರುತ್ತಾಳೆ. ನೋಡಲಿ. ಮದುವೆ ಛತ್ರದಲ್ಲಿ, ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತ ಮುಂದಿನ ಪಂಕ್ತಿಯವರನ್ನು ಕಂಡೂ ಕಾಣದ ಹಾಗೆ ಎರಡನೆಯ ಸಲ ಪಾಯಸ ಹಾಕಿಸಿಕೊಂಡ ನಿಮಗೆ ಇದರ ಅಭ್ಯಾಸವನ್ನು ಯಾವ ಕೈಪಿಡಿಯೂ ಹೇಳಿಕೊಡಬೇಕಿಲ್ಲ.