ಧರಣಿ ಇಲ್ಲದ ಕೆಂಪು ದೇಶ

ವೈರಿಯ ಊರಿಗೆ ಹೋಗಿ ಬೆರಗಾಗಿ ಬರುವುದರಲ್ಲಿ ಕೋಲಾರ ಜಿಲ್ಲೆಯ ನಮ್ಮ ವಕ್ಕಲೇರಿಗೆ ಹಳೇ ಹೆಸರಿದೆ. ಇಲ್ಲಿ ಸಿಕ್ಕ ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ತಾಮ್ರಶಾಸನ ಕ್ರಿ.ಶ. 757ರದ್ದು. ಅವನಪ್ಪ ವಿಕ್ರಮಾದಿತ್ಯ ಪಲ್ಲವರ ಕಂಚಿಗೆ ನುಗ್ಗಿದವನು, ಊರು ಹಾಳುಮಾಡದೆ, ರಾಜಸಿಂಹೇಶ್ವರನ ಗುಡಿಗೆ ರಾಶಿ ಚಿನ್ನ ಕೊಟ್ಟು ಬಂದ ಅಂತ ಅದರಲ್ಲಿ ಕೆತ್ತಿದೆ.

ಈಗ ಹೋಬಳಿಯಿಂದ ಇನ್ನೊಬ್ಬರು ವೈರಿ ದೇಶ ಚೀನಾವನ್ನು ನೋಡಿಕೊಂಡು ಬಂದಿದ್ದಾರೆ. ಕೋಲಾರದಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಯಜಮಾನರು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ಚೀನಾ ಮೊಬೈಲನ್ನು ನೆಲಕ್ಕೆ ಕುಕ್ಕಿ ಒಡೆದವರು ಇವರೇ. ಅದು ಮೊದಲೇ ಕೆಟ್ಟುಹೋಗಿತ್ತು ಅಂತ ರಿಪೇರಿ ಅಂಗಡಿ ಹುಡುಗ ಹೇಳುತ್ತಾನೆ, ನಾವು ನಂಬಬೇಕಿಲ್ಲ. 2025ರಲ್ಲಿ ಎರಡೂ ದೇಶಗಳ ನಡುವೆ ನೇರ ವಿಮಾನ ಮತ್ತೆ ಶುರುವಾಯಿತು. ಯಜಮಾನರ ದೇಶಪ್ರೇಮವೂ ಲಗೇಜು ಕಟ್ಟಿತು.

ಪ್ಯಾಕೇಜಿನಲ್ಲಿ ಮಹಾಗೋಡೆ, ಶಾಂಘೈಯ ದೀಪಗಳ ಜೊತೆಗೆ ‘ಕಮ್ಯುನಿಸ್ಟ್ ದೇಶದ ಜನಸಾಮಾನ್ಯರ ಬದುಕು’ ಅಂತ ಅರ್ಧ ದಿನ ಇತ್ತಂತೆ. ಪಾರ್ಕಿನಲ್ಲಿ ಮುದುಕಿಯರು ಕುಣಿಯುವುದನ್ನು ನೋಡಿದರು. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಮುಂದೆ ಕ್ಯೂಆರ್ ಕೋಡ್ ನೇತುಹಾಕಿದ್ದು ಕಂಡು ದಂಗಾಗಿ ಹದಿನಾಲ್ಕು ಫೋಟೊ ತೆಗೆದರು. ನಮ್ಮೂರ ದಂಟಿನ ಸೊಪ್ಪಿನ ಅಜ್ಜಿಯ ಬುಟ್ಟಿಗೂ ಅದು ಅಂಟಿಕೊಂಡು ವರ್ಷಗಳಾದವು. ಪಾಪ, ಮನೆಗೆ ಸೊಪ್ಪು ತರುವವರು ಯಜಮಾನರಲ್ಲವಲ್ಲ.

ಬೀಜಿಂಗ್‌ನಿಂದ ಶಾಂಘೈಗೆ 1,318 ಕಿಲೋಮೀಟರ್, ನಾಲ್ಕೂವರೆ ಗಂಟೆಯ ರೈಲು. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತು. ನಮ್ಮದೂ ತುಂಬಿತು, ಬೇರೆ ಕಾರಣಕ್ಕೆ. ಶ್ರೀನಿವಾಸಪುರದಲ್ಲಿ 2014ರಲ್ಲಿ ಶಂಕುಸ್ಥಾಪನೆಯಾದ ರೈಲ್ವೆ ಕೋಚ್ ಕಾರ್ಖಾನೆ ಇನ್ನೂ ಶಂಕುವಿನಲ್ಲೇ ಇದೆ.

ಆದರೆ ಯಜಮಾನರ ಮನಸ್ಸು ನಿಂತದ್ದು ರೈಲಿನ ಮೇಲಲ್ಲ. ಟೀ ಅಂಗಡಿಯಲ್ಲಿ ಬಾಯಿಬಿಟ್ಟರು:

“ಒಂದೇ ಒಂದು ಧರಣಿ ಇಲ್ಲ ಕಣಪ್ಪಾ. ಒಂದು ಶಾಮಿಯಾನ ಇಲ್ಲ, ಮೈಕ್ ಇಲ್ಲ. ಡಿಸಿ ಆಫೀಸ್ ಮುಂದೆ ಕೂತ್ಕೊಳ್ಳೋರೇ ಇಲ್ಲ.”

“ಕೆಂಪು ಬಾವುಟ ಇತ್ತಾ ಯಜಮಾನ್ರೇ?”

“ಅದು ಸರ್ಕಾರದ್ದು ಐತೆ. ಕೂಲಿಯವ್ರ ಕೈಗೆ ಕೊಟ್ಟಿಲ್ಲ. ಅದಕ್ಕೇ ಉದ್ಧಾರ ಆಗವ್ರೆ!”

ಹಮಾಲಿಗಳು ಕ್ರೇಟಿಗೆ ಒಂದು ರೂಪಾಯಿ ಜಾಸ್ತಿ ಕೇಳಿದರೆ “ಕಮ್ಯುನಿಸ್ಟ್ ನನ್ಮಕ್ಳು” ಅಂತ ಬೈಯುವ ಬಾಯಿ ಇದು. ಆ ಬಾಯಿಗೆ ಜಗತ್ತಿನ ಅತಿ ದೊಡ್ಡ ಕಮ್ಯುನಿಸ್ಟ್ ದೇಶ ರುಚಿಸಿದೆ. ಆಶ್ಚರ್ಯವೇನಿಲ್ಲ. ಮುಷ್ಕರದ ಹಕ್ಕು ಚೀನಾದ 1978ರ ಸಂವಿಧಾನದಲ್ಲಿತ್ತು. 1982ರ ಸಂವಿಧಾನದಲ್ಲಿ ಅದನ್ನು ತೆಗೆದುಹಾಕಿದರು. ಕಾರ್ಮಿಕ ಸಂಘಗಳೆಲ್ಲ ಒಂದೇ ಒಕ್ಕೂಟದ ಅಡಿಯಲ್ಲಿರಬೇಕು, ಆ ಒಕ್ಕೂಟ ಪಕ್ಷದ ಮಾತು ಕೇಳಬೇಕು. ಯಾವ ಮಂಡಿ ಯಜಮಾನನಿಗೆ ಇಂಥ ಕಮ್ಯುನಿಸಂ ಬೇಡ ಹೇಳಿ?

ಒಂದು ವಿಷಯ ಮಾತ್ರ ಗೈಡ್ ಅವರಿಗೆ ಹೇಳಿದಂತಿಲ್ಲ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ ದುಡಿಸುವ ಅಲ್ಲಿನ ಕಂಪನಿಗಳ ಪದ್ಧತಿ ಕಾನೂನುಬಾಹಿರ ಅಂತ ಚೀನಾದ ಸರ್ವೋಚ್ಚ ನ್ಯಾಯಾಲಯವೇ 2021ರಲ್ಲಿ ಹೇಳಿತು. ನಮ್ಮ ವಿಧಾನಸಭೆ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆಗೆ ದಾರಿ ಮಾಡಿಕೊಟ್ಟಿತು. ವಾರಕ್ಕೆ 48ರ ಮಿತಿ ಇಟ್ಟು, ಕೆಲಸಗಾರರ ಒಪ್ಪಿಗೆ ಪತ್ರವೂ ಬೇಕು ಅಂದಿತು ಅನ್ನಿ. ಕೆಲಸ ಹೋಗುತ್ತೆ ಅನ್ನುವ ಹೆದರಿಕೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಎಷ್ಟು ಬೇಗ ಬೀಳುತ್ತದೆ ಅಂತ ನರಸಾಪುರದ ಕಡೆ ಬಾಡಿಗೆ ರೂಮಲ್ಲಿರುವ ಹುಡುಗ ಹುಡುಗಿಯರನ್ನು ಕೇಳಿ. ಅಲ್ಲಿನ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ಸಿಟ್ಟು ಗಾಜು ಒಡೆಯಿತು. ಹೂಡಿಕೆದಾರರಿಗೆ ಬೇಜಾರಾಗುತ್ತದೆ ಅಂತ ನಮ್ಮವರು ಕಳವಳಪಟ್ಟಷ್ಟು, ಸಂಬಳ ಯಾಕೆ ಕಡಿಮೆ ಬಂತು ಅಂತ ಪಡಲಿಲ್ಲ.

ಇನ್ನು ಬೆರಳಚ್ಚಿನ ಪ್ರಸಂಗ. ಚೀನಾದಲ್ಲಿ ವಿಮಾನ ಇಳಿದ ಕೂಡಲೇ ವಿದೇಶಿಯರ ಹತ್ತೂ ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ತಂಗಿದ ಕಡೆ 24 ಗಂಟೆಯೊಳಗೆ ಪೊಲೀಸ್ ದಾಖಲೆಗೆ ಹೆಸರು ಹೋಗಬೇಕು. “ಏನ್ ಶಿಸ್ತು!” ಅಂದರು ಯಜಮಾನರು. ಇದೇ ಜಿಲ್ಲೆಯ ಕೆಜಿಎಫ್‌ನಲ್ಲಿ 1930ರಲ್ಲಿ ಬ್ರಿಟಿಷ್ ಗಣಿ ಕಂಪನಿ ಕೂಲಿಗಳ ಬೆರಳಚ್ಚು ತೆಗೆಯಲು ಹೊರಟಾಗ, ನಾವೇನು ಕಳ್ಳರಾ ಅಂತ ಕೇಳಿ ಕೆಲಸ ನಿಲ್ಲಿಸಿದರು. ಓದುಬರಹವಿಲ್ಲದ ಸಾವಿರಾರು ಜನ. ಕಂಪನಿಯೇ ಹಿಂದೆ ಸರಿಯಬೇಕಾಯಿತು. ಆಮೇಲೆ ಅಲ್ಲಿ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್, ಎಂ.ಸಿ. ನರಸಿಂಹನ್ ಅವರಂಥ ಕಮ್ಯುನಿಸ್ಟರು ಸಂಘ ಕಟ್ಟಿದರು. 2001ರಲ್ಲಿ ಗಣಿ ಮುಚ್ಚಿತು. ಈಗ ಅಲ್ಲಿಗೆ ಹೋಗುವವರು ಸಿನಿಮಾದ ಹೆಸರು ಹೇಳಿಕೊಂಡು ಸೈನೈಡ್ ದಿಬ್ಬದ ಮುಂದೆ ಸೆಲ್ಫಿ ತೆಗೆಯುತ್ತಾರೆ. ಒಂದು ಕೋಣೆಯ ಕೂಲಿ ಲೈನಿನಲ್ಲಿ ಇನ್ನೂ ಜನ ಇದ್ದಾರೆ ಅನ್ನುವುದು ಫ್ರೇಮಿನ ಆಚೆಗೆ.

ಚೀನಾಕ್ಕೆ ಹೋಗುವವರು ಹೋಗಿ ಬನ್ನಿ, ನೋಡುವಂಥ ದೇಶವೇ ಅದು. ಬಂದ ಮೇಲೆ ಒಂದು ದಿನ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ. ವೀಸಾ ಬೇಡ, ಬೆರಳಚ್ಚೂ ಬೇಡ. ಜನಸಾಮಾನ್ಯರ ಬದುಕು ಅರ್ಧ ದಿನಕ್ಕಿಂತ ಜಾಸ್ತಿ ಸಿಗುತ್ತದೆ.