ಸೈಲೆನ್ಸರಿನ ಸೌಂದರ್ಯ

ಮೈಸೂರಿನಲ್ಲಿ ಹಳೆಯ ಯೆಜ್ಡಿ ಇಟ್ಟುಕೊಂಡವರ ಮನೆಗೆ ಹೋದರೆ ಕಾಫಿಗಿಂತ ಮುಂಚೆ ಗಾಡಿ ನೋಡಬೇಕು. ನೋಡಿದ ಮೇಲೆ ಹೊಗಳಬೇಕು. ಎಂಜಿನ್ನಿನ ಸದ್ದು ಸ್ವಲ್ಪ ಹೆಚ್ಚಾಯಿತೇನೋ ಎಂದರೂ ಕ್ಷಮೆ ಸಿಕ್ಕೀತು, ಸೈಲೆನ್ಸರಿನ ಮೇಲಿನ ಕಂದು ಚುಕ್ಕೆಗಳು ಮಾತ್ರ ಕಣ್ಣಿಗೆ ಬಿದ್ದರೂ ಬೀಳದವರಂತೆ ಇರಬೇಕು. ನನ್ನ ಸೋದರಮಾವನ ಮನೆಯಲ್ಲಂತೂ ಈ ಕಟ್ಟಳೆ ಬಲು ಬಿಗಿ. ತಮ್ಮ ಸಕ್ಕರೆ ಕಾಯಿಲೆಯ ಸುದ್ದಿಯನ್ನು ಬೀದಿಗೆಲ್ಲ ಕೇಳುವಂತೆ ಹೇಳುವ ಮಾವ, ತುಕ್ಕಿನ ವಿಷಯ ಬಂದರೆ ದನಿ ತಗ್ಗಿಸುತ್ತಾರೆ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿಗಳು ತಯಾರಾದವು. 1996ರಲ್ಲಿ ಅದು ಬಾಗಿಲು ಹಾಕಿತು. ಅಂದರೆ ಅಲ್ಲಿಂದ ಹೊರಬಿದ್ದ ಕಟ್ಟಕಡೆಯ ಯೆಜ್ಡಿಗೂ ಈಗ ಮದುವೆಯ ವಯಸ್ಸು ಮೀರುತ್ತಾ ಬಂದಿದೆ. ಆ ವಯಸ್ಸಿಗೆ ಮುಖದ ಮೇಲೆ ನಾಲ್ಕು ಚುಕ್ಕೆ ಬರುವುದು ಸಹಜ ಎಂದು ಮಾವನಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ನ್ಯಾಯವಾಗಿ ನೋಡಿದರೆ, ಕ್ರೋಮ್ ತುಕ್ಕು ಹಿಡಿಯಿತು ಎನ್ನುವುದೇ ಪಾಪದ ಲೋಹಕ್ಕೆ ಹೊರಿಸುವ ಅಪವಾದ. ಕ್ರೋಮಿಯಂ ತುಕ್ಕು ಹಿಡಿಯುವುದಿಲ್ಲ. ತುಕ್ಕು ಕೆಳಗಿರುವ ಕಬ್ಬಿಣದ್ದು. ಮೇಲಿನ ಕ್ರೋಮ್ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ಕಡಿಮೆ. ತಲೆಗೂದಲಿನ ನೂರನೇ ಒಂದು ಪಾಲೂ ಇರಲಾರದು. ಅದರಡಿ ನಿಕ್ಕಲ್ ಇರುತ್ತದೆ, ಕಾವಲಿನ ಕೆಲಸವೆಲ್ಲ ಅದರದು, ಹೆಸರು ಮಾತ್ರ ಕ್ರೋಮಿನದು. ಪದರದಲ್ಲಿ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಮಳೆನೀರು ಅಲ್ಲಿಂದ ಇಳಿದು ಕಬ್ಬಿಣ ಮುಟ್ಟಿತೆಂದರೆ ಕಂದು ಬಣ್ಣ ಮೇಲೆ ಬಂದು ಕೂರುತ್ತದೆ. ಈ ಕ್ರೋಮಿನ ಅದಿರಿಗೆ ನಾವು ದೂರ ಹೋಗಬೇಕಿಲ್ಲ, ಹಾಸನ ಜಿಲ್ಲೆಯ ಬೈರಾಪುರದಲ್ಲೇ ಅದರ ಗಣಿಯಿತ್ತು. ಹತ್ತಿರದ ನುಗ್ಗೇಹಳ್ಳಿಗೆ ಹೋದವರು ಹೊಯ್ಸಳರ ದೇವಸ್ಥಾನ ನೋಡಿ ಬರುತ್ತಾರೆ. ಗಣಿಯ ಸುದ್ದಿ ಕೇಳಿದ್ದು ಮಾವ ಒಬ್ಬರೇ ಇರಬೇಕು.

ತುಕ್ಕು ಕಂಡಲ್ಲಿ ಸಲಹೆಗೆ ಬರವಿಲ್ಲ. ಎದುರುಮನೆಯವರು ಹುಣಸೆಹಣ್ಣು ಅಂದರು, ಪೂಜೆಯ ಹಿತ್ತಾಳೆಗೆ ಸಲ್ಲುವುದು ಸೈಲೆನ್ಸರಿಗೇಕೆ ಸಲ್ಲದು ಎಂಬುದು ಅವರ ತರ್ಕ. ಒಬ್ಬರು ಟೂತ್‌ಪೇಸ್ಟ್ ಅಂದರು. ಕೋಲಾ ಸುರಿಯಿರಿ ಎಂದ ಹುಡುಗನ ಮಾತಿನಲ್ಲಿ ಸತ್ಯವಿದೆ, ಅದರಲ್ಲಿರುವ ಫಾಸ್ಫಾರಿಕ್ ಆಮ್ಲಕ್ಕೆ ತುಕ್ಕು ಕರಗುತ್ತದೆ. ಆದರೆ ಸಕ್ಕರೆ ಕಾಯಿಲೆಯ ಮಾವ ತಮಗೆ ಸಿಗದ ಕೋಲಾವನ್ನು ಗಾಡಿಗೆ ಕುಡಿಸಲು ಒಪ್ಪಲಿಲ್ಲ. ಬಚ್ಚಲು ತೊಳೆಯುವ ಆಸಿಡ್ ಹಾಕಿ ಎಂದವರನ್ನು ಮಾತ್ರ ಮನೆಯ ಹತ್ತಿರ ಸುಳಿಯಗೊಡಬಾರದು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಪ್ಲೇಟಿಂಗ್ ಅಂಗಡಿಯವರು ಹಳೆಯ ಕ್ರೋಮನ್ನು ಕಿತ್ತುಹಾಕಲು ಬಳಸುವುದೇ ಅದನ್ನು. ತುಕ್ಕೂ ಹೋಗುತ್ತದೆ, ಕ್ರೋಮೂ ಹೋಗುತ್ತದೆ, ಹುಳಿ ಹೊಗೆಗೆ ಕೆಮ್ಮೂ ಬರುತ್ತದೆ.

ಕೊನೆಗೆ ಗೆದ್ದದ್ದು ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್. ಅಂಗೈಯಗಲ ಹರಿದು, ಮುದುರಿ, ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಬೇಕು, ಅಷ್ಟೆ. ಅಲ್ಯೂಮಿನಿಯಂ ಕ್ರೋಮಿಗಿಂತ ಎಷ್ಟೋ ಮೆದು, ಹಾಗಾಗಿ ಉಪ್ಪುಕಾಗದದಂತೆ ಗೀರು ಬೀಳಿಸುವ ಭಯ ಕಡಿಮೆ. ಬೂದುಬಣ್ಣದ ಕೆಸರು ಬರುತ್ತದೆ, ಅದನ್ನು ಒರೆಸಿದರೆ ಅಡಿಯಲ್ಲಿ ನಮ್ಮದೇ ಮುಖ, ಮೂಗು ಮಾತ್ರ ಎರಡು ಪಟ್ಟು. ಚುಕ್ಕೆ ಹೋದರೂ ಅದಿದ್ದ ಜಾಗದ ಗುಣಿ ಹೋಗುವುದಿಲ್ಲ. ಅದಕ್ಕೆ ಮತ್ತೆ ಪ್ಲೇಟಿಂಗೇ ಆಗಬೇಕು. ಆ ತೊಟ್ಟಿಯ ಕ್ರೋಮಿಕ್ ಆಮ್ಲ ಘೋರ ವಿಷ ಎಂಬುದು ಮಾವನ ನೆಪ, ಖರ್ಚು ನಿಜವಾದ ಕಾರಣ ಎಂಬುದು ಅತ್ತೆಯ ಅಂಬೋಣ. ಗುಣಿಗೆ ಮತ್ತೆ ನೀರು ಇಳಿಯದಂತೆ ಒಣಗಿಸಿ ವ್ಯಾಕ್ಸ್ ಹಚ್ಚುವುದು ಕ್ರಮ. ಮಾವ ಕೊಬ್ಬರಿ ಎಣ್ಣೆ ಸವರಿದರು. ಗಾಡಿ ಬಿಸಿಯಾದೊಡನೆ ಯಾರ ಮನೆಯಲ್ಲಿ ಸಂಡಿಗೆ ಕರಿಯುತ್ತಿದ್ದಾರೆ ಎಂದು ಬೀದಿಯವರು ಹೊರಬಂದು ನೋಡಿದರು.

ಫಾಯಿಲ್ ಸುರುಳಿ ಅರ್ಧಕ್ಕಿಳಿದಿದ್ದನ್ನು ಕಂಡ ಅತ್ತೆ ಸುಮ್ಮನಿದ್ದದ್ದೇ ನನಗೆ ಆಶ್ಚರ್ಯ. ಮರುದಿನ ಬೆಳಿಗ್ಗೆ ಕಾರಣ ತಿಳಿಯಿತು.

“ಇಷ್ಟೆಲ್ಲ ತಿಕ್ಕಿದಿರಿ, ಹಾಗೇ ಬಚ್ಚಲ ನಲ್ಲೀನೂ ಒಂದು ಕೈ ನೋಡ್ರೀ. ಅದೂ ಕ್ರೋಮೇ ಅಲ್ವಾ?”

ಮಾವ ಕನ್ನಡಕ ಏರಿಸಿಕೊಂಡು ನಲ್ಲಿಯನ್ನು ಬಹಳ ಹೊತ್ತು ಪರೀಕ್ಷಿಸಿದರು.

“ನಲ್ಲಿ ಒಳಗೆ ಹಿತ್ತಾಳೆ ಕಣೇ, ಅದಕ್ಕೆ ತುಕ್ಕು ಹಿಡಿಯಲ್ಲ. ಇದು ಬೋರ್‌ವೆಲ್ ನೀರಿನ ಉಪ್ಪು. ಒಂಚೂರು ವಿನಿಗರ್ ಹಾಕಿ ಒರೆಸಿಬಿಡು,” ಎಂದು ಹೇಳಿ ಪೇಪರ್ ಓದಲು ಹೋದರು.