ಪಠ್ಯಕ್ರಮ ಸಮಿತಿಗೆ ಒಂದು ಹಾಲ್ ಟಿಕೆಟ್

ವಯಸ್ಕರ ಮತ್ತು ಆಜೀವ ಕಲಿಕೆಗೆ 'ಎಲ್ಲರನ್ನೂ ಒಳಗೊಳ್ಳುವ ಪಠ್ಯಕ್ರಮ' ಬರೆಯಲು ಕೂತಿರುವ ಸನ್ಮಾನ್ಯ ಸಾಹೇಬರಿಗೆ,

ಇದು ಮಹಾರಾಷ್ಟ್ರದ ಇಚಲಕರಂಜಿಯ ಒಬ್ಬ ಪವರ್‌ಲೂಮ್ ಕೆಲಸಗಾರನ ಪತ್ರ. ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ಚಿಕ್ಕೋಡಿಯಿಂದ ಬಂದ ಸೊಸೆ. ನನ್ನ ಮಕ್ಕಳು ಓದಿದ್ದು ಮರಾಠಿ ಶಾಲೆಯಲ್ಲಿ. ಹಾಗಾಗಿ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲಿದ್ದರೂ ಅದನ್ನು ಬರೆಯಬಲ್ಲವಳು ಅವಳೊಬ್ಬಳೇ.

ನಮ್ಮನ್ನು ಒಳಗೊಳ್ಳುವ ಕೆಲಸ ಭರದಿಂದ ಸಾಗಿದೆ ಎಂದು ಕೇಳಿ ಸಂತೋಷವಾಯಿತು. ನಮ್ಮನ್ನೊಂದು ಮಾತು ಕೇಳಿದ್ದರೆ ಇನ್ನೂ ಸಂತೋಷವಾಗುತ್ತಿತ್ತು. ಕೇಳುತ್ತ ಕೂತರೆ ಕೆಲಸ ತಡವಾಗುತ್ತದೆ, ಬಿಡಿ. ಕೇಂದ್ರ ಸರ್ಕಾರದ ಉಲ್ಲಾಸ್ ಸಾಕ್ಷರತಾ ಯೋಜನೆಯಲ್ಲಿ 2022ರಿಂದ 2027ರ ಒಳಗೆ ದೇಶದ 5 ಕೋಟಿ ಜನ ಸಾಕ್ಷರರಾಗಬೇಕು. ಅದಕ್ಕೆ ಗೊತ್ತುಮಾಡಿದ ಹಣ 1,037.90 ಕೋಟಿ ರೂಪಾಯಿ. ಬಾಯಲ್ಲೇ ಭಾಗಿಸಿದೆ. ತಲೆಗೆ 207 ರೂಪಾಯಿ ಚಿಲ್ಲರೆ. ನಮ್ಮ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಪೇಟೆಯಲ್ಲಿ ಅಷ್ಟಕ್ಕೆ ಒಂದು ಕಿಲೋ ಒಳ್ಳೆಯ ಸಂಕೇಶ್ವರಿ ಮೆಣಸಿನಕಾಯಿಯೂ ಬರುವುದಿಲ್ಲ. ಕಲಿಸುವವರು ಸ್ವಯಂಸೇವಕರು, ಅಂದರೆ ಪಗಾರವೇ ಇಲ್ಲ. ಈ ಒಂದು ವಿಷಯದಲ್ಲಿ ಸರ್ಕಾರ ನಮ್ಮ ಮಗ್ಗದ ಮಾಲೀಕರನ್ನೂ ಮೀರಿಸಿತು. (ಸೊಸೆ "ಮಾವಾರ, ಇದನ್ನ ಬರಸಬ್ಯಾಡ್ರಿ" ಅಂದಳು. ಬರಿ ಅಂದೆ.)

ನಿಮ್ಮ ಕರಡಿನಲ್ಲಿ ವರ್ಗದ ಹೊತ್ತು ಸಂಜೆ ಏಳು ಗಂಟೆ. ಸಾಹೇಬರೇ, ಈ ಊರಿನಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ಹೂಡಿದ್ದು 1904ರಲ್ಲಿ. ಅಲ್ಲಿಂದ ಮುಂದೆ ಊರಿಗೆ ನಿದ್ದೆ ಬರುವುದೇ ಪಾಳಿಯ ಪ್ರಕಾರ. ಹನ್ನೆರಡು ತಾಸಿನ ಪಾಳಿ, ಈ ವಾರ ಹಗಲು, ಬರುವ ವಾರ ರಾತ್ರಿ. ಸಂಜೆ ಏಳಕ್ಕೆ ಹಗಲಪಾಳಿಯವನು ಇನ್ನೂ ಮಗ್ಗದ ನಡುವೆ ನಿಂತಿರುತ್ತಾನೆ, ರಾತ್ರಿಪಾಳಿಯವನು ರೊಟ್ಟಿ ಕಟ್ಟಿಕೊಂಡು ಹೊರಟಿರುತ್ತಾನೆ. ಕಂಡಿಕೆ ಸುತ್ತಿ ಮನೆಗೆ ಬಂದ ಹೆಣ್ಣುಮಕ್ಕಳು ಒಲೆಯ ಮುಂದೆ. ನಿಮ್ಮ ವರ್ಗಕ್ಕೆ ಹೊತ್ತಿಗೆ ಸರಿಯಾಗಿ ಹಾಜರಾಗುವುದು ಸೊಳ್ಳೆ ಮಾತ್ರ.

ಉಲ್ಲಾಸ್ ಪರೀಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಓದು, ಬರಹ, ಲೆಕ್ಕಕ್ಕೆ ತಲಾ 50, ಒಟ್ಟು 150 ಅಂಕ. ಬಹಳ ಚೆನ್ನ. ಆದರೆ ವಯಸ್ಕರ ಗಣಿತ ಎಂದರೆ ಎರಡು ಬಾಳೆಹಣ್ಣಿಗೆ ಮೂರು ಬಾಳೆಹಣ್ಣು ಕೂಡಿಸುವುದೆಂದು ನೀವು ತಿಳಿದಂತಿದೆ. ಅದಕ್ಕೇ ನಾವೂ ಒಂದು ಪ್ರಶ್ನೆಪತ್ರಿಕೆ ತೆಗೆದಿದ್ದೇವೆ. ಬರೆಯಬೇಕಾದವರು ನೀವು.

ಮೊದಲ ಪ್ರಶ್ನೆ: 52 ಪಿಕ್ಕಿನ ಬಟ್ಟೆಗೆ ಮೀಟರಿಗೆ ಇಷ್ಟು ಪೈಸೆ ಎಂದು ಮಜೂರಿ ಗೊತ್ತಾಗಿದೆ. ನಿಮ್ಮ ಮಗ್ಗದ ಮೇಲೆ ಇರುವುದು 60 ಪಿಕ್ಕು, ಅಂದರೆ ಇಂಚಿಗೆ 60 ಹೊಕ್ಕಿನ ಎಳೆ. ನಿಮ್ಮ ಪಾಲಿಗೆ ಆರು ಮಗ್ಗ, ಒಂದರ ಬೀಮು, ಅಂದರೆ ಹಾಸಿನ ನೂಲು ಸುತ್ತಿದ ಉರುಳೆ, ಮಧ್ಯಾಹ್ನವೇ ಮುಗಿಯಿತು, ಎರಡು ತಾಸು ಲೈಟು ಹೋಗಿತ್ತು, ಹೋದ ವಾರದ ಅಡ್ವಾನ್ಸು ಮುರಿಯಬೇಕು. ಕೈಗೆ ಬರುವ ಪಗಾರ ಎಷ್ಟು? ಕಾಗದ, ಪೆನ್ನು, ಮೊಬೈಲು ಇಲ್ಲ. ಮಗ್ಗದ ಸದ್ದಿನಲ್ಲಿ ನಿಂತುಕೊಂಡೇ ಹೇಳಬೇಕು.

ಎರಡನೆಯದು ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯದು. ಸವಾಲು ಮುಗಿದಿದೆ, ಪಟ್ಟಿ ಕೈಗೆ ಬಂದಿದೆ. ಚೀಲದ ತೂಕ, ಹಮಾಲಿ, ತೇವವೆಂದು ಮುರಿದದ್ದು ಎಲ್ಲ ಅದರಲ್ಲಿದೆ. ಎಲ್ಲಿ ಮೋಸವಾಗಿದೆ, ತೋರಿಸಿ. ಈ ಪ್ರಶ್ನೆಯನ್ನು ನಮ್ಮ ಅಕ್ಕ ತೆಗೆದಳು. ಅವಳಿಗೆ ಅಕ್ಷರ ಬಾರದು. ಪಟ್ಟಿಯನ್ನು ಯಾರಾದರೂ ಓದಿ ಹೇಳಿದರೆ ಸಾಕು, ತಪ್ಪು ಹಿಡಿಯುತ್ತಾಳೆ. ಓದಿ ಹೇಳುವವನೇ ಸುಳ್ಳು ಓದಿದರೆ? ಅಕ್ಷರ ಬೇಕೆಂದು ಅವಳಿಗೆ ಅನ್ನಿಸಿದ್ದು ಅಲ್ಲಿ. ಪುಸ್ತಕ ಶುರುವಾಗಬೇಕಾದದ್ದೂ ಅಲ್ಲಿಂದಲೇ ಎಂದು ನನ್ನ ಅಂದಾಜು. ನೀವು ಅವಳ ಕೈಗೆ ಕೊಟ್ಟದ್ದು ಮೊಲದ ಚಿತ್ರ.

ಅಕ್ಕ ಇರುವುದು ಗಡಹಿಂಗ್ಲಜ ತಾಲೂಕಿನ ಹಲಕರ್ಣಿಯಲ್ಲಿ. ಅವಳು ಮಾತಾಡುವುದು, ಬೈಯುವುದು, ಅಳುವುದು ಎಲ್ಲ ಕನ್ನಡದಲ್ಲಿ. ತಹಸೀಲ್ದಾರ ಕಚೇರಿ ಮರಾಠಿಯಲ್ಲಿ. ಸವದತ್ತಿ ಎಲ್ಲಮ್ಮನಿಗೆ ಹೊರಟರೆ ಗಡಿ ದಾಟಿ ಸಂಕೇಶ್ವರದಲ್ಲಿ ಇಳಿಯಬೇಕು, ಅಲ್ಲಿ ಬಸ್ಸಿನ ಬೋರ್ಡು ಕನ್ನಡದಲ್ಲಿ. ಅವಳಿಗೆ ಎರಡೂ ಲಿಪಿ ಬೇಕು. ಪಿಂಚಣಿ ಅರ್ಜಿಗೆ ಒಂದು, ದೇವಿಗೆ ಒಂದು. ನಿಮ್ಮ ನೋಂದಣಿ ಫಾರಮ್ಮಿನಲ್ಲಿ 'ಮಾತೃಭಾಷೆ' ಎಂದು ಒಂದೇ ಖಾನೆ, ಅದರ ಕೆಳಗೆ 'ಇತರೆ'. ಅಕ್ಕ ಇತರೆಯಲ್ಲಿದ್ದಾಳೆ. ಇನ್ನೊಂದು ಖಾನೆ 'ಗಂಡನ ಹೆಸರು'. 1970ರ ದಶಕದಿಂದ ದೇವದಾಸಿ ವಿಮೋಚನೆಯ ಚಳವಳಿ ನಡೆದ ಊರು ಗಡಹಿಂಗ್ಲಜ. ಬರೆಯಲು ಗಂಡನ ಹೆಸರೇ ಇಲ್ಲದೆ ಆ ಖಾನೆಯ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂರುವ ಮುದುಕಿಯರು ಅಲ್ಲಿ ಇದ್ದಾರೆ. ಅವರನ್ನು ಒಳಗೊಂಡಿರೋ, ಹೊರಗೆ ಕಳಿಸಿದಿರೋ, ನೀವೇ ಹೇಳಿ.

ಈ ಜಿಲ್ಲೆಗೆ ಕಲಿಸುವ ಕೆಲಸ ಹೊಸದಲ್ಲ. 1917ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಪ್ರಾಥಮಿಕ ಶಿಕ್ಷಣ ಪುಕ್ಕಟೆ ಮತ್ತು ಕಡ್ಡಾಯ ಎಂದು ಹುಕುಂ ಹೊರಡಿಸಿದರು. ಅದಕ್ಕೂ ಮುಂಚೆ, 1901ರಿಂದಲೇ, ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಒಂದೊಂದಾಗಿ ಬೋರ್ಡಿಂಗುಗಳು ಎದ್ದವು. ಹಳ್ಳಿಯ ಹುಡುಗ ಪೇಟೆಗೆ ಬಂದರೆ ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ ಎಂಬುದನ್ನು ಮಹಾರಾಜರು ಮೊದಲು ನೋಡಿದರು. ಅವರಿಗೆ ಸಮಿತಿಯಲ್ಲಿ ಕೂತು ಅಭ್ಯಾಸವಿರಲಿಲ್ಲ, ಪಾಪ.

ಮಕ್ಕಳನ್ನು ಶಾಲೆಗೆ ಕಳಿಸದ ತಾಯಿತಂದೆಗೆ ಅವರು ತಿಂಗಳಿಗೆ 1 ರೂಪಾಯಿ ದಂಡ ಹಾಕಿದ್ದರು. ಆ ದಂಡವನ್ನು ಮತ್ತೆ ಜಾರಿಗೆ ತರಬೇಕೆಂದು ನನ್ನ ವಿನಂತಿ. ಈ ಸಲ ಪಾಳಿ ನೋಡದೆ ವೇಳಾಪಟ್ಟಿ ಬರೆದವರಿಗೆ. ರೂಪಾಯಿ ಹೆಚ್ಚಿಸುವುದು ಬೇಡ, ನಾವು ಆಸೆಬುರುಕರಲ್ಲ.

ಈ ಪತ್ರವನ್ನೇ ಹಾಲ್ ಟಿಕೆಟ್ ಎಂದು ತಿಳಿದು ಬನ್ನಿ, ಪಾಳಿ ಬದಲಾಗುವ ಹೊತ್ತಿಗೆ. ಉತ್ತರ ಹೊಳೆಯದಿದ್ದರೆ ಪಕ್ಕದ ಮಗ್ಗದವನನ್ನು ಕೇಳಿ. ಅವನು ಬಿಹಾರದವನು, ಹಿಂದಿಯಲ್ಲಿ ಹೇಳಿಕೊಡುತ್ತಾನೆ, ನಾವು ಕಾಪಿ ಎಂದು ಹಿಡಿಯುವುದಿಲ್ಲ. ಅವನು ಹೇಳಿದ್ದನ್ನು, ಅಕ್ಕ ಹೇಳಿದ್ದನ್ನು ಬರೆದುಕೊಂಡು ಹೋಗಿ, ಕರಡನ್ನು ಅಲ್ಲಿಂದ ಮತ್ತೆ ಶುರುಮಾಡಿ.

ಇಂತಿ,
ನಿಮ್ಮ 5 ಕೋಟಿಯಲ್ಲೊಬ್ಬ